ಕಸೂತಿಗೆ ಒಡೆಯರಾರು?

ಪೋತ್ತನೂರಿನ ಕನ್ನಡ ಗೃಹಿಣಿಯೊಬ್ಬರು ಕಳೆದ ವಾರ ಹೊಸ ಸೀರೆಯೊಂದನ್ನು ತಂದು, ಇದು ನಿಜವಾದ ಧಾರವಾಡ ಕಸೂತಿಯೇ ಎಂದು ಕೇಳಿದರು. ಸೆರಗನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ಬಿಳಿ ದಾರದ ಗೋಜಲು; ಯಂತ್ರದ ಕೆಲಸ. ಗವಂತಿ, ಮುರಗಿ ಹೊಲಿಗೆಗಳನ್ನು ಬಟ್ಟೆಯ ಎಳೆಯೆಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ. ಎರಡು ಬದಿಯೂ ಒಂದೇ ರೀತಿ ಕಾಣಬೇಕು. ತವರು ದೂರವಾದಂತೆ ಇಂಥ ಗುರುತುಗಳೂ ನಮಗೆ ಮರೆಯುತ್ತಿವೆ.

ಕಸೂತಿಯ ಗೋಪುರ, ತೇರು, ಆನೆಗಳಿಗೆ ಇಂಥವರೇ ಕರ್ತೃಗಳೆಂದಿಲ್ಲ. ತಾಯಿಯಿಂದ ಮಗಳಿಗೆ, ಓರಗಿತ್ತಿಯಿಂದ ಓರಗಿತ್ತಿಗೆ ದಾಟಿ ಬಂದ ಕೂಡುಕೆಲಸವದು. ಕರ್ತೃವನ್ನು ಹುಡುಕುವ ಕೃತಿಸ್ವಾಮ್ಯದ ಕಾನೂನಿಗೆ ಇದು ನಿಲುಕದು. ಆ ಕೊರತೆಯನ್ನು ತುಂಬಲು ಬಂದದ್ದು 1999ರ ಭೌಗೋಳಿಕ ಸೂಚಕಗಳ ಕಾಯಿದೆ. ಕಸೂತಿ, ಸಂಡೂರಿನ ಲಂಬಾಣಿ ಕಸೂತಿ, ನಮ್ಮ ನೆರೆಯ ನೀಲಗಿರಿಯ ತೋಡರ ಕೆಂಪು-ಕಪ್ಪು ಕಸೂತಿ, ಮೂರೂ ಚೆನ್ನೈನ ನೋಂದಣಿ ಕಚೇರಿಯಲ್ಲಿ ದಾಖಲಾಗಿವೆ.

ಆದರೆ ಸೂಜಿ ಹಿಡಿದವಳು 'ಅಧಿಕೃತ ಬಳಕೆದಾರಳು' ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳದಿದ್ದರೆ, ನಕಲು ಮಾರುವವನ ಮೇಲೆ ಈ ಕಾಯಿದೆಯನ್ವಯ ಆಕೆಗೆ ಪರಿಹಾರವಿಲ್ಲ. ಕಸೂತಿಯ ನೋಂದಣಿ ಸರ್ಕಾರಿ ನಿಗಮದ ಹೆಸರಿನಲ್ಲಿದೆ. 2013ರಲ್ಲಿ ಮಾನ್ಯತೆ ಪಡೆದ ತೋಡರ ಕಸೂತಿಗಾದರೋ ಅವರದೇ ಸಂಘವೂ ಅರ್ಜಿದಾರನಾಗಿತ್ತು. ವಕೀಲನಾದ ನನಗೆ ತೋಡರ ದಾರಿಯೇ ಮೇಲೆನಿಸುತ್ತದೆ. ನಿಗಮದ ಕಡತಕ್ಕೆ ಕಣ್ಣು ನೋಯುವುದಿಲ್ಲವಷ್ಟೆ.

ಸೀರೆಯನ್ನು ಹಿಂದಿರುಗಿಸುವೆನೆಂದು ಆಕೆ ಎದ್ದರು. ಮೊದಲು ಬಿಲ್ಲು ನೋಡೋಣವೆಂದೆ. ಅದರಲ್ಲಿ 'ಫ್ಯಾನ್ಸಿ ಸೀರೆ' ಎಂದಷ್ಟೇ ಬರೆದಿತ್ತು.