ಕಟ್ಟಿದವರಿಗೇ ಬಾಗಿಲು ತೆರೆಯದ ಯಂತ್ರ

ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಬೆಲೆ ತೆತ್ತು, ಸ್ವಂತ ಕೈಯಿಂದ ಜೋಡಿಸಿದ ಕಂಪ್ಯೂಟರೊಂದು ತನ್ನೊಳಗಿನ ಡ್ರೈವಿನಿಂದ ಬೂಟ್ ಆಗಲು ನಿರಾಕರಿಸಿದರೆ ಅದಕ್ಕೆ ಎರಡು ಬಗೆಯ ಕಾರಣಗಳಿರಬಹುದು. ಯಂತ್ರಕ್ಕೆ ಡ್ರೈವು ಕಾಣಿಸಿಲ್ಲ. ಇಲ್ಲವೇ ಕಾಣಿಸಿದೆ, ಆದರೆ ಅನುಮತಿ ಸಿಕ್ಕಿಲ್ಲ. ಮೊದಲನೆಯದು ರಿಪೇರಿಯ ಪ್ರಶ್ನೆ. ಎರಡನೆಯದು ಒಡೆತನದ ಪ್ರಶ್ನೆ, ಆದ್ದರಿಂದಲೇ ರಾಜಕೀಯದ ಪ್ರಶ್ನೆ. ವಲಸೆ ಬಂದ ಕನ್ನಡಿಗರಲ್ಲಿ ತಂತ್ರಜ್ಞಾನ ಬಲ್ಲವರಿಗೆ ಬರವಿಲ್ಲ. ಆದರೂ ಈ ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ‘ಟೆಕ್ನಿಕಲ್ ಪ್ರಾಬ್ಲಂ’ ಎಂಬ ಚೀಟಿ ಅಂಟಿಸುವ ಚಾಳಿ ಅವರಲ್ಲೇ ಹೆಚ್ಚು.

ಮೊದಲ ಬಗೆಯ ತೊಂದರೆಗೆ ಯಾರ ಮೇಲೂ ಸಿಟ್ಟಾಗಬೇಕಿಲ್ಲ. ಹಳೆಯ ಹಾರ್ಡ್‌ಡಿಸ್ಕನ್ನು ಕಳಚದೆಯೇ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ಬೂಟ್ ಕಡತಗಳು ಹಳೆಯ ಡಿಸ್ಕಿನ ಇಎಫ್‌ಐ ವಿಭಾಗದಲ್ಲೇ ಹೋಗಿ ಕೂರುವುದುಂಟು. ಆರು ತಿಂಗಳ ಬಳಿಕ ಹಳೆಯದನ್ನು ಕಿತ್ತ ದಿನ ಹೊಸದು ಅನಾಥವಾಗುತ್ತದೆ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಡ್ರೈವು ಬಂದೊಡನೆ ಒಂದೆರಡು ಸಾಟಾ ಪೋರ್ಟುಗಳು ಸ್ತಬ್ಧವಾಗುತ್ತವೆ. ಆ ಸಂಗತಿ ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತರೆ ಬಯೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆಯುತ್ತದೆ. ಹಳೆಯ ಎಂಬಿಆರ್ ಮಾದರಿಯ ಡಿಸ್ಕು ಸಿಎಸ್‌ಎಂ ಇಲ್ಲದೆ ಏಳಲಾರದು. ಒಂದು ಸ್ಕ್ರೂಡ್ರೈವರ್, ಒಂದು ಪೆನ್‌ಡ್ರೈವ್, ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಇವೆಲ್ಲ ಪತ್ತೆಯಾಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪದವಿಯ ಹಂಗಿಲ್ಲದ ಹುಡುಗರು ಒಂದೊಂದೇ ಭಾಗವನ್ನು ಕಳಚಿ, ತಿರುಗಿ ಕೂರಿಸಿ ಕಲಿತ ವಿದ್ಯೆ ಇದು. ಇಂದು ಹೊರದೇಶದಲ್ಲಿ ದೊಡ್ಡ ಹುದ್ದೆಯಲ್ಲಿರುವ ಎಷ್ಟೋ ಮಂದಿಯ ಮೊದಲ ಕಂಪ್ಯೂಟರ್ ಜೋಡಣೆಯಾದದ್ದು ಅಂಥ ಕೈಗಳಲ್ಲೇ.

ಆ ವಿದ್ಯೆ ಕೈಕೊಡುವುದು ಎರಡನೆಯ ಬಗೆಯಲ್ಲಿ. ವಿಂಡೋಸ್ 8ರ ಜೊತೆ 2012ರಲ್ಲಿ ಮನೆಮನೆಗೆ ಬಂದ ಸೆಕ್ಯೂರ್ ಬೂಟ್ ವ್ಯವಸ್ಥೆಯಲ್ಲಿ ಫರ್ಮ್‌ವೇರು ತನಗೆ ಗುರುತಿರುವ ಸಹಿ ಇದ್ದ ತಂತ್ರಾಂಶವನ್ನು ಮಾತ್ರ ಚಾಲೂ ಮಾಡುತ್ತದೆ. ಮಾರುಕಟ್ಟೆಗೆ ಬರುವ ಹೆಚ್ಚುಕಡಿಮೆ ಎಲ್ಲ ಬೋರ್ಡುಗಳಿಗೂ ಗುರುತಿರುವ ಸಹಿ ಮೈಕ್ರೋಸಾಫ್ಟಿನದು. ಸಮುದಾಯವೇ ಕಟ್ಟಿದ ಲಿನಕ್ಸ್ ಕೂಡ ಈ ಬಾಗಿಲು ದಾಟಬೇಕಾದರೆ ‘ಶಿಮ್’ ಎಂಬ ಪುಟ್ಟ ಕಡತಕ್ಕೆ ಅದೇ ಕಂಪನಿಯ ರುಜು ಹಾಕಿಸಿಕೊಂಡು ಬರಬೇಕು. ಪಿಸಿಗಳಲ್ಲಿ ಇದನ್ನು ಆರಿಸುವ ಅವಕಾಶ ಇರಲೇಬೇಕೆಂದು ಆರಂಭದಲ್ಲಿ ಮೈಕ್ರೋಸಾಫ್ಟ್ ತಾನೇ ನಿಯಮ ಮಾಡಿತ್ತು. ವಿಂಡೋಸ್ 10ರ ವೇಳೆಗೆ ಅದು ತಯಾರಕರ ಮರ್ಜಿಗೆ ಬಿಟ್ಟ ವಿಷಯವಾಯಿತು. ಹಕ್ಕೊಂದು ಸದ್ದಿಲ್ಲದೆ ಸೌಲಭ್ಯವಾಗುವ ಬಗೆ ಇದೇ.

ಇದರ ಫಲ 2024ರ ಆಗಸ್ಟಿನಲ್ಲಿ ಕಣ್ಣೆದುರಿಗೇ ಬಂತು. ಆ ತಿಂಗಳ 13ರ ವಿಂಡೋಸ್ ಅಪ್‌ಡೇಟ್, ದೋಷವಿರುವ ಹಳೆಯ ಲಿನಕ್ಸ್ ಬೂಟ್‌ಲೋಡರುಗಳನ್ನು ತಡೆಯುವ ಹೊಸ ನಿಯಮವೊಂದನ್ನು ಯಂತ್ರದ ಫರ್ಮ್‌ವೇರಿನಲ್ಲಿ ಬರೆಯಿತು. ಎರಡೂ ವ್ಯವಸ್ಥೆಗಳಿರುವ ಕಂಪ್ಯೂಟರುಗಳಿಗೆ ಇದು ಅನ್ವಯಿಸದು ಎಂದು ಕಂಪನಿ ಹೇಳಿತ್ತು, ಅನ್ವಯಿಸಿತು. ಬೆಳಿಗ್ಗೆ ಎದ್ದವರಿಗೆ ಭದ್ರತಾ ನೀತಿಯ ಉಲ್ಲಂಘನೆಯಾಗಿದೆ ಎಂಬ ಒಂದೆರಡು ಸಾಲು ಕಂಡು ಪರದೆ ಕಪ್ಪಾಯಿತು. ಡ್ರೈವು ಸರಿಯಾಗಿತ್ತು, ಕೇಬಲ್ ಸರಿಯಾಗಿತ್ತು, ಲಿನಕ್ಸ್ ಇದ್ದಲ್ಲೇ ಇತ್ತು. ಉಲ್ಲಂಘನೆಯಾದದ್ದು ಯಾರ ನೀತಿ? ಯಂತ್ರದ ಒಡೆಯರಂತೂ ಅಂಥ ನೀತಿಯನ್ನು ಮಾಡಿರಲಿಲ್ಲ. ತೊಂದರೆಗೆ ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ.

ಭದ್ರತೆ ಬೇಡವೇ ಎಂದು ಕೇಳುವವರು ಕೂಡಲೇ ಎದ್ದು ನಿಲ್ಲುತ್ತಾರೆ. ಬೇಕು. ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಒಳಹೊಕ್ಕು ಕೂರುವ ಬೂಟ್‌ಕಿಟ್‌ಗಳು ಕಲ್ಪನೆಯಲ್ಲ. ಆದರೆ 2023ರಲ್ಲಿ ಬಯಲಾದ ಬ್ಲ್ಯಾಕ್‌ಲೋಟಸ್ ಈ ಸೆಕ್ಯೂರ್ ಬೂಟನ್ನೇ ದಾಟಿಕೊಂಡು ಬಂದಿತ್ತು. ಮರುವರ್ಷ ಇನ್ನೊಂದು ಸಂಗತಿ ಹೊರಬಿತ್ತು: ನೂರಾರು ಮಾದರಿಯ ಯಂತ್ರಗಳ ಮೂಲ ಕೀಲಿಯಾಗಿ ತಯಾರಕರು ಪರೀಕ್ಷೆಗೆಂದು ಕೊಟ್ಟ ಕೀಲಿಯನ್ನೇ ಉಳಿಸಿದ್ದರು; ‘ಇದನ್ನು ನಂಬಬೇಡಿ’ ಎಂಬ ಇಂಗ್ಲಿಷ್ ಪದಗಳು ಅದರ ಹೆಸರಿನಲ್ಲೇ ಇದ್ದವು! ಬೀಗ ಇರಬಾರದೆಂದು ಯಾರೂ ಹೇಳುತ್ತಿಲ್ಲ. ಮನೆ ಕಟ್ಟಿಸಿದವರ ಕೈಗೆ ಕೀಲಿ ಕೊಡದೆ, ಬೀಗ ಮಾಡಿದವರು ಅದನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದಕ್ಕೆ ಆಕ್ಷೇಪ.

ಅದಕ್ಕಿಂತ ಕ್ರೂರವಾದದ್ದು ಎನ್‌ಕ್ರಿಪ್ಷನ್ನಿನ ಕಥೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡ್ರೈವು ತಾನಾಗಿಯೇ ಗೂಢಲಿಪಿಗೆ ಹೋಗಬಹುದು. ಹಾರ್ಡ್‌ವೇರಿನ ಅರ್ಹತೆಯನ್ನು ಸಡಿಲಿಸಿದ್ದರಿಂದ ಕೈಯಾರೆ ಜೋಡಿಸಿದ ಯಂತ್ರಗಳೂ ಈಗ ಅದರ ವ್ಯಾಪ್ತಿಗೆ ಬಂದಿವೆ. ಮದರ್‌ಬೋರ್ಡ್ ಸುಟ್ಟು ಹೊಸದನ್ನು ಹಾಕಿದ ದಿನ ಪರದೆಯ ಮೇಲೆ 48 ಅಂಕಿಗಳ ಬೇಡಿಕೆ ಮೂಡುತ್ತದೆ. ಆ ಅಂಕಿಗಳು ಇರುವುದು ಕಂಪನಿಯ ಸರ್ವರಿನಲ್ಲಿ, ಖಾತೆಯ ಹಿಂದೆ. ಖಾತೆ ತೆರೆದವರು ತೀರಿಕೊಂಡಿದ್ದರೆ, ಆ ಹಳೆಯ ಫೋನ್ ನಂಬರು ಊರು ಬಿಡುವಾಗಲೇ ರದ್ದಾಗಿದ್ದರೆ, ಅಪ್ಪನ ಕೊನೆಯ ದಿನಗಳ ಚಿತ್ರಗಳು ಮೇಜಿನ ಮೇಲೆ, ಕೈಯಳತೆಯಲ್ಲಿ ಇದ್ದೂ ಇಲ್ಲ. ಹಿಂದೆ ಇದೇ ಡ್ರೈವನ್ನು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿದರೆ ಸಾಕಿತ್ತು.

‘ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು’ ಎಂಬ ಉತ್ತರ ಇಂಥಲ್ಲಿ ಸಿದ್ಧವಾಗಿರುತ್ತದೆ. ಕೇಳದೆಯೇ ಹಾಕಿದ ಬೀಗಕ್ಕೆ ಸಿಕ್ಕಿಬಿದ್ದವರನ್ನೇ ದೂರುವ ಈ ನೀತಿಬೋಧೆ, ಬಡವರಿಗೆ ಉಳಿತಾಯದ ಉಪದೇಶ ಮಾಡುವ ಬ್ಯಾಂಕಿನ ದನಿಯನ್ನು ನೆನಪಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ತೆರೆಸಿ ನೋಡುವ ಈ ಕಾಲದಲ್ಲಿ ಎನ್‌ಕ್ರಿಪ್ಷನ್ ಬೇಕೇ ಬೇಕು, ಹೋರಾಟಗಾರರಿಗಂತೂ ಮೊದಲು ಬೇಕು. ಕೀಲಿ ಕಂಪನಿಯ ಬಳಿ ಇದ್ದರೆ ಮಾತ್ರ, ಕೋರ್ಟಿನ ಆದೇಶ ಬಂದ ದಿನ ಅದು ಪ್ರಭುತ್ವದ ಕೈ ಸೇರುತ್ತದೆ. ಒಡೆಯರಿಗೆ ತೆರೆಯದ, ಪೊಲೀಸರಿಗೆ ತೆರೆಯುವ ಬಾಗಿಲನ್ನು ಖಾಸಗಿತನದ ರಕ್ಷಣೆ ಎಂದು ಒಪ್ಪಬೇಕೇ?

ಆಧಾರ್‌ನ ಕುರಿತು, ಪೆಗಾಸಸ್‌ನ ಕುರಿತು ಅರ್ಜಿಗಳಿಗೆ ಸಹಿ ಹಾಕುವ ಅನಿವಾಸಿ ಪ್ರಗತಿಪರರು ಇದನ್ನು ಹವ್ಯಾಸಿಗಳ ಗೊಣಗಾಟವೆಂದು ಬದಿಗೆ ಸರಿಸುವುದು ವಿಚಿತ್ರ. ಒರೆಗಾನ್ ರಾಜ್ಯ 2024ರಲ್ಲಿ ಮಾಡಿದ ರಿಪೇರಿ ಹಕ್ಕಿನ ಕಾನೂನು, ಬಿಡಿಭಾಗವನ್ನು ತಂತ್ರಾಂಶದ ಮೂಲಕ ಒಂದೇ ಸಾಧನಕ್ಕೆ ಕಟ್ಟಿಹಾಕಿ ರಿಪೇರಿಗೆ ಅಡ್ಡಿಯಾಗುವುದನ್ನು ನಿಷೇಧಿಸಿತು. ಭಾಗಕ್ಕೆ ಒಪ್ಪಿದ ತತ್ವ ಕೀಲಿಗೂ ಸಲ್ಲಬೇಕು. ಸ್ವಂತ ಕೀಲಿಯನ್ನು ಫರ್ಮ್‌ವೇರಿಗೆ ಸೇರಿಸುವ ದಾರಿ ಪ್ರತಿ ಬೋರ್ಡಿನಲ್ಲೂ ಸರಳವಾಗಿ ಇರಬೇಕು. ಒಡೆಯರು 48 ಅಂಕಿಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವ ತನಕ ಗೂಢಲಿಪೀಕರಣ ಆರಂಭವಾಗಲೇಬಾರದು. ಎರಡೂ ದುಬಾರಿ ಬೇಡಿಕೆಗಳಲ್ಲ.

ಸೆಕ್ಯೂರ್ ಬೂಟಿನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಹಳೆಯ ಯಂತ್ರಗಳು ಅಂದೇನೂ ನಿಂತುಹೋಗವು. ಆದರೆ ತಯಾರಕರು ಕೈಬಿಟ್ಟ ಬೋರ್ಡಿಗೆ ಹೊಸ ಪ್ರಮಾಣಪತ್ರ ತಲುಪದಿದ್ದರೆ, ಹೊಸ ಸಹಿಯಷ್ಟೇ ಇರುವ ಬೂಟ್‌ಲೋಡರ್ ಅಲ್ಲಿ ಅಪರಿಚಿತವಾಗಿಯೇ ಉಳಿಯುತ್ತದೆ. ಇಂಥ ಪೂರ್ವನಿಗದಿಗಳನ್ನು ತೀರ್ಮಾನಿಸುವ ಸಭೆಗಳು ಅಮೆರಿಕದಲ್ಲೂ ಬೆಂಗಳೂರಿನಲ್ಲೂ ನಡೆಯುತ್ತವೆ. ಅಲ್ಲಿ ಕೂತವರಲ್ಲಿ ಕನ್ನಡ ಬಲ್ಲವರೂ ಇದ್ದಾರೆ. ಒಡೆಯರ ಒಪ್ಪಿಗೆ ಕೇಳುವ ಒಂದು ಪುಟವನ್ನು ಸೇರಿಸೋಣವೇ ಎಂದು ಅವರಲ್ಲೊಬ್ಬರು ಕೈ ಎತ್ತಿ ಕೇಳಿದರೆ ಕೆಲಸವೇನೂ ಹೋಗಲಿಕ್ಕಿಲ್ಲ.