ಪೈಪು ಎಣಿಸಿದರೆ ಪೈಪೋಟಿ ಆಗತ್ತಾ?

ಪೈಪೋಟಿ ಅನ್ನೋ ಪದದಲ್ಲೇ ಪೈಪು ಇದೆ, ಆದ್ರೆ ಗ್ಯಾಸ್ ಪೈಪಿನ ವ್ಯವಹಾರದಲ್ಲಿ ಪೈಪೋಟಿ ಹುಡುಕಬೇಕು :) ಹೀಗಂದ್ರೆ ನಮ್ಮ ಮುಕ್ತ ಮಾರುಕಟ್ಟೆ ಗೆಳೆಯರಿಗೆ ಸಿಟ್ಟು. "ಅಷ್ಟೊಂದು ಕಂಪನಿಗಳಿವೆ, ಗಿರಾಕಿ ಬೇಕಾದ ಕಡೆ ಹೋಗ್ತಾನೆ ಬಿಡ್ರಿ" ಅಂತಾರೆ. ಎಲ್ಲಿಗೆ ಹೋಗ್ತಾನೆ ಸ್ವಾಮಿ? ಇದೇನು ದರ್ಶಿನಿಯೇ, ದೋಸೆ ಚೆನ್ನಾಗಿಲ್ಲ ಅಂತ ಎದುರಿನದಕ್ಕೆ ಹೋಗೋಕೆ? ಕಾರ್ಖಾನೆ ಬಾಗಿಲಿಗೆ ಬಂದಿರೋದು ಒಂದೇ ಕೊಳವೆ.

ಅಮೆರಿಕದ ಇಂಧನ ನಿಯಂತ್ರಣ ಆಯೋಗ, ಅಂದ್ರೆ ಫರ್ಕ್, 1996ರಲ್ಲಿ ಇದಕ್ಕೊಂದು ಲೆಕ್ಕ ಹೇಳಿತು. ಪ್ರತಿ ಕಂಪನಿಯ ಪಾಲನ್ನು ವರ್ಗ ಮಾಡಿ ಕೂಡಿಸಿ. ಮೊತ್ತ 0.18 ದಾಟಿದ್ರೆ ಕಣ್ಣಿಟ್ಟು ನೋಡಬೇಕು. ಐದು ಕಂಪನಿ ಸಮಸಮ ಹಂಚಿಕೊಂಡ್ರೂ 0.20! ಆದ್ರೆ ಯಾವ ಮಾರುಕಟ್ಟೆಯ ಪಾಲು? ನಕ್ಷೆ ಹಿಗ್ಗಿಸಿ ಇನ್ನಷ್ಟು ಕಂಪನಿ ಸೇರಿಸಿದ್ರೆ ಅಂಕಿ ಇಳಿಯತ್ತೆ. (ಕೋಡ್ ಬರೆಯೋರಿಗೆ ಗೊತ್ತು, ಇನ್‌ಪುಟ್ ಆರಿಸೋನು ಔಟ್‌ಪುಟ್ಟನ್ನೂ ಆರಿಸ್ತಾನೆ.) ಪಕ್ಕದಲ್ಲೇ ಕೊಳವೆ ಇದ್ರೂ ಅದರ ಸಾಮರ್ಥ್ಯವೆಲ್ಲ ಬುಕ್ ಆಗಿದ್ರೆ ಅದು ಲೆಕ್ಕಕ್ಕೇ ಇಲ್ಲ.

2000-01ರ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿಗೆ ಹಲವು ಕೊಳವೆಗಳಿದ್ದವು. ಆದ್ರೆ ಎಲ್ ಪಾಸೊ ಕೊಳವೆಯ ಸಾಮರ್ಥ್ಯದ ದೊಡ್ಡ ಪಾಲು ಅದರದೇ ಮಾರಾಟದ ಅಂಗಸಂಸ್ಥೆಯ ಕೈಲಿತ್ತು. ಗ್ಯಾಸ್ ಬೆಲೆ ಆಕಾಶಕ್ಕೇರಿತು. ಕೊಳವೆ ಕಂಪನಿ ಸಾಮರ್ಥ್ಯವನ್ನು ತಡೆಹಿಡಿದಿತ್ತು ಅಂತ 2002ರಲ್ಲಿ ಫರ್ಕ್‌ನ ನ್ಯಾಯಾಧೀಶರು ಹೇಳಿದರು. 2003ರಲ್ಲಿ ಎಲ್ ಪಾಸೊ ತಪ್ಪು ಒಪ್ಪಿಕೊಳ್ಳದೆಯೇ ಸುಮಾರು 170 ಕೋಟಿ ಡಾಲರಿನ ರಾಜಿಗೆ ಬಂತು.

ನಮ್ಮ ಕಥೆ? ದಾಭೋಲ್-ಬೆಂಗಳೂರು ಕೊಳವೆ 2013ರಲ್ಲಿ ಶುರುವಾಯ್ತು, ಗೇಲ್‌ನದು. ಗೇಲ್ ಗ್ಯಾಸ್ ಮಾರುತ್ತೆ, ಸಾಗಿಸುತ್ತೆ ಕೂಡ. 2006ರ ಕಾಯಿದೆಯಿಂದ ಹುಟ್ಟಿದ ನಿಯಂತ್ರಣ ಮಂಡಳಿ ಸಾಗಣೆ ದರ ಗೊತ್ತು ಮಾಡುತ್ತೆ, 2023ರ ಏಪ್ರಿಲ್‌ನಲ್ಲಿ ಏಕೀಕೃತ ದರವೂ ಬಂತು. ಒಳ್ಳೇದೇ. ಆದ್ರೆ ಟಿಕೆಟ್ ದರ ಸರ್ಕಾರ ಗೊತ್ತು ಮಾಡಿದ್ರೆ ಸಾಕಾ? ಸೀಟಿನ ಮೇಲೆ ಕಂಡಕ್ಟರನ ತಮ್ಮ ಮೊದಲೇ ಟವೆಲ್ ಹಾಕಿದ್ರೆ ನೀವು ನಿಂತೇ ಹೋಗ್ಬೇಕು.

ಮಾರೋರು ಬೇರೆ, ಸಾಗಿಸೋರು ಬೇರೆ ಆಗಲಿ. ಅದೂ ಅಂಗಸಂಸ್ಥೆ ಅಂತ ಹೊಸ ಬೋರ್ಡು ತಗುಲಿಸಿ ಅಲ್ಲ. ಅಮೆರಿಕ 1992ರಲ್ಲೇ 636ನೇ ಆದೇಶದಿಂದ ಮಾರಾಟ, ಸಾಗಣೆ ಎರಡನ್ನೂ ಬಿಡಿಸಿತ್ತು, ಒಡೆತನ ಮಾತ್ರ ಒಂದೇ ಮನೆಯಲ್ಲಿ ಉಳಿಯೋಕೆ ಬಿಟ್ಟಿತ್ತು. ಎಲ್ ಪಾಸೊ ಗಲಾಟೆ ಆಗಿದ್ದು ಅದಾದ ಮೇಲೆ!

ಒಪ್ಪದವರು ಧಾರಾಳವಾಗಿ ಬೈಯಿರಿ. ಆದ್ರೆ ದೇಶದ ನಕ್ಷೆ ತೋರಿಸಬೇಡಿ, ಆ ಕಾರ್ಖಾನೆ ಬಾಗಿಲಿಗೆ ಬಂದ ಎರಡನೇ ಕೊಳವೆ ತೋರಿಸಿ.