ಉಸಿರು ಎಣಿಸುವವರ ಸಾಕ್ಷ್ಯ

ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಬಳಿ ಇರುವ ಹಾಳೆಯಲ್ಲಿ ಜ್ವರ, ನಾಡಿ, ರಕ್ತದೊತ್ತಡಗಳ ಜೊತೆಗೆ ಇನ್ನೊಂದು ಅಂಕಿಯೂ ಇರುತ್ತದೆ. ರೋಗಿ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡಿದ ಎಂಬುದೇ ಆ ಅಂಕಿ. ಅದನ್ನು ಎಣಿಸಿ ಬರೆಯುವವಳು ದಾದಿ. ವೈದ್ಯರು ಬೆಳಗ್ಗೆ ಸಂಜೆ ಬಂದು ನೋಡಿ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಏದುಸಿರು ಬಿಡುತ್ತಿರುವ ಮಗುವಿನ ಬಳಿ ಕುಳಿತಿರುವವಳು ಅವಳೇ.

ಹೀಗೆ ಉಸಿರು ಎಣಿಸುವವರೇ ಈಚಿನ ವರ್ಷಗಳಲ್ಲಿ ವಾರ್ಡಿನಿಂದ ಹೊರಬಂದು, ಜನ ಉಸಿರಾಡುವ ಗಾಳಿಯ ಕುರಿತು ಸರ್ಕಾರಗಳ ಮುಂದೆ ಮಾತನಾಡತೊಡಗಿದ್ದಾರೆ. ಅಮೆರಿಕದಲ್ಲಿ ಇದು ಒಂದು ಚಳವಳಿಯ ರೂಪವನ್ನೇ ತಾಳಿದೆ. ಹವಾಮಾನ, ಕಲ್ಲಿದ್ದಲು, ವಾಹನಗಳ ಹೊಗೆ ಇವೆಲ್ಲ ದಾದಿಯರ ಕೆಲಸವೇ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿದೆ. ಕಥೋಲಿಕ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯೇನಲ್ಲ. ಮಗಳೋ ಸೊಸೆಯೋ ಅಕ್ಕನೋ ಈ ವೃತ್ತಿಯಲ್ಲಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳಷ್ಟಿವೆ. ಆದ್ದರಿಂದ ಈ ವಾರ ಇದನ್ನು ಸ್ವಲ್ಪ ವಿವರವಾಗಿ ನೋಡಬಯಸುತ್ತೇವೆ.

ಮೊದಲು ಒಂದು ಹಳೆಯ ಪ್ರಕರಣ. ಅಮೆರಿಕದ ಯೂಟಾ ರಾಜ್ಯದಲ್ಲಿ ಬೆಟ್ಟಗಳ ನಡುವೆ ಒಂದು ಕಣಿವೆಯಿದೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಅಲ್ಲಿ ತಳದಲ್ಲೇ ನಿಂತುಬಿಡುತ್ತದೆ, ಹೊಗೆ ಮೇಲೇರುವುದಿಲ್ಲ. ಅಲ್ಲಿದ್ದ ಜಿನೀವಾ ಸ್ಟೀಲ್ ಎಂಬ ಉಕ್ಕಿನ ಕಾರ್ಖಾನೆಯು ಕಾರ್ಮಿಕ ವಿವಾದದ ಕಾರಣ 1986ರ ಆಗಸ್ಟ್‌ನಿಂದ 1987ರ ಸೆಪ್ಟೆಂಬರ್‌ವರೆಗೆ ಬಾಗಿಲು ಮುಚ್ಚಿತ್ತು. ಇದನ್ನು ಯಾರೂ ಪ್ರಯೋಗವೆಂದು ಯೋಜಿಸಿರಲಿಲ್ಲ. ಆದರೆ ಅಲ್ಲಿನ ಅರ್ಥಶಾಸ್ತ್ರಜ್ಞ ಆರ್ಡೆನ್ ಪೋಪ್ (ವಾಚಕರು ಗೊಂದಲಪಡಬಾರದು, ಅದು ಅವರ ಮನೆತನದ ಹೆಸರು) ಆಸ್ಪತ್ರೆಗಳ ದಾಖಲೆಗಳನ್ನು ತೆಗೆದು ಹೋಲಿಸಿ ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಆಸ್ತಮಾ, ಶ್ವಾಸನಾಳದ ಉರಿಯೂತಗಳಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಅದು ಮುಚ್ಚಿದ್ದ ಚಳಿಗಾಲದ ಸಂಖ್ಯೆಗಿಂತ ಎರಡು ಮೂರು ಪಟ್ಟು ಹೆಚ್ಚಾಗಿತ್ತು. 1989ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ವಾಯುಮಾಲಿನ್ಯದ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ.

ನಮ್ಮ ಗಮನ ಸೆಳೆಯುವುದು ಇನ್ನೊಂದು ಸಂಗತಿ. ಆ ಚಳಿಗಾಲ ಮಕ್ಕಳ ವಾರ್ಡಿನಲ್ಲಿ ಹಾಸಿಗೆಗಳು ಖಾಲಿಯಿದ್ದುದನ್ನು ವಿಜ್ಞಾನಿಗಿಂತ ಮೊದಲು ಕಂಡವರು ಅಲ್ಲಿ ರಾತ್ರಿಪಾಳಿ ಮಾಡುತ್ತಿದ್ದವರೇ ಇರಬೇಕು. ಆಸ್ಪತ್ರೆಯ ದಾಖಲೆ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಅವರ ಕೈಬರಹವೇ ಅಲ್ಲವೇ?

ಅಮೆರಿಕದ ದಾದಿಯರ ಹೋರಾಟ ಆರಂಭವಾದದ್ದು ಇತರರ ಚಿಮಣಿಗಳನ್ನು ತೋರಿಸಿ ಅಲ್ಲ, ತಮ್ಮದೇ ಆಸ್ಪತ್ರೆಗಳ ಚಿಮಣಿಗಳನ್ನು ನೋಡಿ. ಅಲ್ಲಿನ ಪರಿಸರ ರಕ್ಷಣಾ ಸಂಸ್ಥೆಯು 1994ರಲ್ಲಿ ಒಂದು ಕರಡು ವರದಿ ಹೊರತಂದಿತು. ಡಯಾಕ್ಸಿನ್ ಎಂಬ ಅತಿ ವಿಷಕಾರಿ ವಸ್ತು ಗಾಳಿಗೆ ಸೇರುವ ಮುಖ್ಯ ಮೂಲಗಳಲ್ಲಿ ಆಸ್ಪತ್ರೆಯ ತ್ಯಾಜ್ಯ ಸುಡುವ ಕುಲುಮೆಗಳೂ ಸೇರಿವೆ ಎಂದು ಅದು ತಿಳಿಸಿತು. ರೋಗ ವಾಸಿಮಾಡುವ ಮನೆಯೇ ನೆರೆಯವರಿಗೆ ರೋಗ ಹಂಚುತ್ತಿದೆಯೆಂಬ ಸುದ್ದಿ ಹಲವರನ್ನು ಕಲಕಿತು. 1996ರಲ್ಲಿ ‘ಹೆಲ್ತ್ ಕೇರ್ ವಿದೌಟ್ ಹಾರ್ಮ್’ ಎಂಬ ಒಕ್ಕೂಟ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಷಾರ್ಲಟ್ ಬ್ರಾಡಿ ಎಂಬ ನರ್ಸ್ ಒಬ್ಬರು. ಮರುವರ್ಷ ಅಮೆರಿಕನ್ ನರ್ಸಸ್ ಅಸೋಸಿಯೇಷನ್, ಆಸ್ಪತ್ರೆಗಳಿಂದ ಹೊರಬೀಳುವ ವಿಷವನ್ನು ತಗ್ಗಿಸಬೇಕೆಂದು ಗೊತ್ತುವಳಿ ಸ್ವೀಕರಿಸಿತು. ಅದೇ 1997ರಲ್ಲಿ ಸರ್ಕಾರವೂ ಕುಲುಮೆಗಳಿಗೆ ಬಿಗಿ ನಿಯಮ ವಿಧಿಸಿತು. ಸಾವಿರಗಟ್ಟಲೆ ಇದ್ದ ಕುಲುಮೆಗಳು ಹದಿನೈದು ವರ್ಷಗಳೊಳಗೆ ನೂರಕ್ಕಿಂತ ಕಡಿಮೆಯಾದವು. ಇದರ ಯಶಸ್ಸನ್ನೆಲ್ಲ ದಾದಿಯರ ಖಾತೆಗೆ ಹಾಕುವುದು ಸರಿಯಲ್ಲ, ಕಾನೂನಿನ ಬಲವಿಲ್ಲದೆ ಅದು ಆಗುತ್ತಿರಲಿಲ್ಲ. ಆದರೆ ವಾರ್ಡಿನೊಳಗಿಂದ ಒತ್ತಾಯ ಬಂದದ್ದರಿಂದ ಆಡಳಿತಗಳಿಗೆ ಅದನ್ನು ಹೊರಗಿನವರ ಗದ್ದಲವೆಂದು ತಳ್ಳಿಹಾಕುವುದು ಕಷ್ಟವಾಯಿತು. ಪಾದರಸದ ಥರ್ಮಾಮೀಟರುಗಳು ಆಸ್ಪತ್ರೆಗಳಿಂದ ಹೊರನಡೆದುದೂ ಇದೇ ಬಗೆಯಲ್ಲಿ.

2008ರಲ್ಲಿ ‘ಅಲಯನ್ಸ್ ಆಫ್ ನರ್ಸಸ್ ಫಾರ್ ಹೆಲ್ದಿ ಎನ್ವಿರಾನ್ಮೆಂಟ್ಸ್’ ಎಂಬ ಪ್ರತ್ಯೇಕ ಸಂಘಟನೆಯೇ ಸ್ಥಾಪನೆಯಾಯಿತು. ಅಷ್ಟರಲ್ಲಿ ಚರ್ಚೆ ಕುಲುಮೆಯ ಹೊಗೆಯನ್ನು ದಾಟಿ ಹವಾಮಾನ ಬದಲಾವಣೆಯತ್ತ ಹೊರಳಿತ್ತು. ಎರಡಕ್ಕೂ ಮೂಲ ಒಂದೇ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಲ್ಲಿದ್ದಲು, ಡೀಸೆಲ್, ಪೆಟ್ರೋಲುಗಳು ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ನಿಧಾನವಾಗಿ ಕಾಯಿಸುತ್ತದೆ. ಅದೇ ಉರಿಯಿಂದ ಹೊರಡುವ ಸೂಕ್ಷ್ಮ ಕಣಗಳು ಅಂದೇ ಶ್ವಾಸಕೋಶ ಸೇರುತ್ತವೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿರುವ ಈ ಕಣಗಳನ್ನು ಮೂಗಿನ ರೋಮವಾಗಲಿ ಕಫವಾಗಲಿ ತಡೆಯಲಾರವು. ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಹೊಗೆಯೆಂದರೆ ಕೆಮ್ಮು ಎಂದಷ್ಟೇ ನಾವು ತಿಳಿದಿದ್ದೇವೆ, ಆದರೆ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಅದು ಕಾರಣವಾಗುತ್ತದೆ. ಒಳಗಿನ ಮತ್ತು ಹೊರಗಿನ ಗಾಳಿಯ ಮಾಲಿನ್ಯದಿಂದ ವರ್ಷಕ್ಕೆ ಸುಮಾರು 70 ಲಕ್ಷ ಜನ ಅಕಾಲ ಮರಣಕ್ಕೀಡಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಇದು ಹೊಸಬರ ಹೊಸ ಹುರುಪು ಎನ್ನುವವರು ಫ್ಲಾರೆನ್ಸ್ ನೈಟಿಂಗೇಲರನ್ನು ಓದಿಲ್ಲ. ಮನೆಯ ಆರೋಗ್ಯಕ್ಕೆ ಆಕೆ ಹೇಳಿದ ಐದು ಅಗತ್ಯಗಳಲ್ಲಿ ಮೊದಲನೆಯದೇ ಶುದ್ಧ ಗಾಳಿ. ನೀರು, ಚರಂಡಿ, ಶುಚಿತ್ವ, ಬೆಳಕು ಅನಂತರದವು. ದೀಪ ಹಿಡಿದ ಆಕೆಯ ಚಿತ್ರವನ್ನು ಎಲ್ಲ ನರ್ಸಿಂಗ್ ಶಾಲೆಗಳಲ್ಲೂ ತೂಗುಹಾಕಿದ್ದೇವೆ. ಸರ್ಕಾರದ ಮಂತ್ರಿಗಳಿಗೆ ಅಂಕಿಅಂಶಗಳ ಪತ್ರ ಬರೆದು ಬರೆದು ಅವರ ನಿದ್ದೆಗೆಡಿಸಿದ ಆಕೆಯ ಚಿತ್ರವನ್ನು ಮಾತ್ರ ಯಾರೂ ತೂಗುಹಾಕಲಿಲ್ಲ.

ಹವಾಮಾನವೆಂಬುದು ನಾಳೆಯ ಮಾತು ಎಂದುಕೊಂಡಿದ್ದವರಿಗೆ 2018ರ ನವೆಂಬರ್ 8 ಉತ್ತರ ಕೊಟ್ಟಿತು. ಅಂದು ಬೆಳಗ್ಗೆ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಪಟ್ಟಣವನ್ನು ಕಾಡ್ಗಿಚ್ಚು ನುಂಗಿತು. ಊರಿನ ಆಸ್ಪತ್ರೆಯಿಂದ ರೋಗಿಗಳನ್ನು ತಮ್ಮ ಸ್ವಂತ ಕಾರುಗಳಲ್ಲಿ ಕೂರಿಸಿಕೊಂಡು ಸಿಬ್ಬಂದಿ ಹೊರಟರು. ದಾರಿಯ ಎರಡೂ ಬದಿ ಬೆಂಕಿ. ಮುಂದೆ ಹೋಗಲಾರದೆ ಕೆಲವರು ಆಸ್ಪತ್ರೆಗೇ ಹಿಂದಿರುಗಿ, ಉರಿಯುತ್ತಿದ್ದ ಊರಿನ ನಡುವೆ, ಆಸ್ಪತ್ರೆಯ ಅಂಗಳದಲ್ಲೇ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ಹಾಗೆ ಹಿಂದಿರುಗಿದವರಲ್ಲಿ ತೀವ್ರ ನಿಗಾ ಘಟಕದ ಪುರುಷ ನರ್ಸ್ ಒಬ್ಬರ ವಾಹನದ ಮೈ ಬೆಂಕಿಯ ಝಳಕ್ಕೆ ಕರಗಿಹೋಗಿದ್ದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆ ಬೆಂಕಿಗೆ 85 ಜನ ಬಲಿಯಾದರು. ಕಿಡಿ ಹಾರಿದ್ದು ಹಳೆಯ ವಿದ್ಯುತ್ ಮಾರ್ಗದಿಂದ, ನಿಜ. ಆದರೆ ಮಳೆಯಿಲ್ಲದೆ ಒಣಗಿ ನಿಂತ ಕಾಡು ಅದನ್ನು ಕಾಯುತ್ತಿತ್ತು. ಎಂಟು ದಿನಗಳ ಅನಂತರ, ಇನ್ನೂರು ಕಿಲೋಮೀಟರಿಗೂ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಗೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2023ರ ಜೂನ್‌ನಲ್ಲಿ ಕೆನಡಾದ ಕಾಡುಗಳ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಾವಿಬಣ್ಣಕ್ಕೆ ತಿರುಗಿಸಿದಾಗಲೂ ಆಸ್ತಮಾ ರೋಗಿಗಳು ತುರ್ತು ಚಿಕಿತ್ಸಾ ವಿಭಾಗಗಳತ್ತ ಧಾವಿಸಿದರು. ಮೊದಲು ಎದುರಾದವರು ಮತ್ತೆ ಅದೇ ದಾದಿಯರು.

ಅವರ ಮಾತಿಗೆ ಅಲ್ಲಿ ತೂಕವಿರಲು ಒಂದು ಕಾರಣವಿದೆ. ಯಾವ ವೃತ್ತಿಯವರು ಪ್ರಾಮಾಣಿಕರು ಎಂದು ಗ್ಯಾಲಪ್ ಸಂಸ್ಥೆ ಅಮೆರಿಕದ ಜನರನ್ನು ಕೇಳುವಾಗ 1999ರಿಂದೀಚೆಗೆ ದಾದಿಯರೇ ಮೊದಲ ಸ್ಥಾನದಲ್ಲಿದ್ದಾರೆ. 2001ರಲ್ಲಿ ಮಾತ್ರ ಅಗ್ನಿಶಾಮಕರು ಅವರನ್ನು ಮೀರಿಸಿದ್ದರು. ರಾಜಕಾರಣಿಗಳ ಸ್ಥಾನ ಎಲ್ಲಿರುತ್ತದೆಂದು ಹೇಳುವ ಅಗತ್ಯವಿಲ್ಲ. ಆದರೂ ನಂಬಿಕೆಯೊಂದೇ ಸಾಲದು. ಹಸಿರುಮನೆ ಅನಿಲಗಳು ಜನರ ಆರೋಗ್ಯಕ್ಕೆ ಅಪಾಯಕಾರಿ ಎಂದು ಅಮೆರಿಕದ ಸರ್ಕಾರ 2009ರ ಡಿಸೆಂಬರ್‌ನಲ್ಲಿ ವಿಧ್ಯುಕ್ತವಾಗಿ ನಿರ್ಣಯಿಸಿತ್ತು. ವಾಹನಗಳ ಮತ್ತು ವಿದ್ಯುತ್ ಸ್ಥಾವರಗಳ ಹೊಗೆಯ ಮೇಲಿನ ಹವಾಮಾನ ನಿಯಮಗಳೆಲ್ಲ ನಿಂತದ್ದು ಆ ನಿರ್ಣಯದ ಮೇಲೆ. 2024ರ ಫೆಬ್ರುವರಿಯಲ್ಲಿ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 12 ಮೈಕ್ರೋಗ್ರಾಮಿನಿಂದ 9ಕ್ಕೆ ಇಳಿಸಲಾಯಿತು. ಆದರೆ 2025ರ ಜುಲೈಯಲ್ಲಿ, ಬದಲಾದ ಆಡಳಿತ, 2009ರ ಆ ಮೂಲ ನಿರ್ಣಯವನ್ನೇ ರದ್ದುಪಡಿಸುವತ್ತ ಹೆಜ್ಜೆಯಿಟ್ಟಿತು. ದಾದಿಯರ ಸಂಘಟನೆಗಳು ಇದನ್ನು ವಿರೋಧಿಸಿದವು. ಇದು ರಾಜಕೀಯವೆಂದು ಅವರನ್ನು ಆಕ್ಷೇಪಿಸುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ, ಹೊಗೆಯ ಮಿತಿಯನ್ನು ರಾಜಕಾರಣಿಗಳು ನಿರ್ಧರಿಸುವಷ್ಟು ಕಾಲವೂ ಅದರ ಪರಿಣಾಮವನ್ನು ಕಂಡವರು ಅವರ ಮುಂದೆ ಹೋಗಿ ಹೇಳಲೇಬೇಕಾಗುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಆಸ್ಪತ್ರೆಗಳೇ ಮಹಾ ಬಳಕೆದಾರರು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 4.4ರಷ್ಟು ಆರೋಗ್ಯ ಕ್ಷೇತ್ರದ್ದೇ ಎಂದು 2019ರ ಒಂದು ಲೆಕ್ಕಾಚಾರ ಹೇಳುತ್ತದೆ. ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಅನಿಲವು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಶಾಖ ಹಿಡಿಯಬಲ್ಲದು. ಸ್ಕಾಟ್ಲೆಂಡ್ 2023ರಲ್ಲಿ ಅದರ ಬಳಕೆಯನ್ನು ಕೈಬಿಟ್ಟಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ದಾದಿಯರು 2018ರಲ್ಲಿ, ಅಗತ್ಯವಿಲ್ಲದೆಡೆ ಕೈಗವಸು ಬೇಡ, ಕೈ ತೊಳೆದರೆ ಸಾಕು ಎಂಬ ಅಭಿಯಾನ ನಡೆಸಿ ಒಂದೇ ವರ್ಷದಲ್ಲಿ 21 ಟನ್ ಪ್ಲಾಸ್ಟಿಕ್ ಉಳಿಸಿದರು. ಸಣ್ಣ ಮಾತು ಎನಿಸಬಹುದು. ಆಸ್ಪತ್ರೆಯ ಖರ್ಚಿನ ಪಟ್ಟಿ ನೋಡಿದವರಿಗೆ ಹಾಗೆನಿಸದು.

ಈಗ ನಮ್ಮ ಅಂಗಳಕ್ಕೆ ಬರೋಣ. ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಮ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತವು 2009ರಲ್ಲಿ ನಿಗದಿಪಡಿಸಿದ ಮಿತಿ 40. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳಿವೆ. ಈ ಊರುಗಳಲ್ಲೂ ದಾದಿಯರು ಉಸಿರು ಎಣಿಸುತ್ತಿದ್ದಾರೆ. ಅವರನ್ನು ಯಾವ ಸಮಿತಿ ಕರೆದು ಕೇಳಿದೆ?

ಹೊಗೆಯ ಮೇಲೆ ಅವರ ಕೈಯಲ್ಲಿ ಅಧಿಕಾರವಿಲ್ಲವೆಂದೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ವಾರ್ಡಿನ ಹಳದಿ ಚೀಲದ ಬಹುಪಾಲು ಸುಡಲು ಹೋಗುತ್ತದೆ. ಡ್ರಿಪ್ಪಿನ ನಳಿಗೆ, ಬಾಟಲಿಗಳಂತಹ ಪ್ಲಾಸ್ಟಿಕ್ ಕೆಂಪು ಚೀಲ ಸೇರಿ, ಕ್ರಿಮಿಶುದ್ಧಗೊಂಡು ಮರುಬಳಕೆಗೆ ಹೋಗಬೇಕು. ಪಿವಿಸಿ ನಳಿಗೆಯೊಂದು ಅವಸರದಲ್ಲಿ ಹಳದಿ ಚೀಲಕ್ಕೆ ಬಿದ್ದರೆ, ಅದರೊಳಗಿನ ಕ್ಲೋರಿನ್ ಕುಲುಮೆಯಲ್ಲಿ ಡಯಾಕ್ಸಿನ್ ಆಗಬಲ್ಲದು. ನಲವತ್ತು ರೋಗಿಗಳಿಗೆ ಒಬ್ಬಳೇ ದಾದಿಯನ್ನು ನಿಲ್ಲಿಸಿ, ಚೀಲದ ಬಣ್ಣ ತಪ್ಪಿತೆಂದು ಅವಳನ್ನೇ ಗದರಿಸುವ ಆಡಳಿತಗಳನ್ನು ನಾವು ಕಂಡಿದ್ದೇವೆ.

ಕಥೋಲಿಕ ಸಂಸ್ಥೆಗಳೂ ಇಲ್ಲಿ ತಮ್ಮನ್ನು ನೋಡಿಕೊಳ್ಳಬೇಕು. ಹೊಗೆಯಿಂದ ಹೆಚ್ಚು ನರಳುವವರು ಬಡವರೆಂದು ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ನೇರವಾಗಿ ಬರೆದರು. ಅದರ ಮೇಲೆ ವಿಚಾರಗೋಷ್ಠಿಗಳು ಸಾಕಷ್ಟು ನಡೆದಿವೆ. ಗೋಷ್ಠಿಯ ವೇದಿಕೆಯ ಮೇಲೆ ನರ್ಸ್ ಒಬ್ಬಳು ಕುಳಿತದ್ದು ನಮಗೆ ನೆನಪಿಲ್ಲ. ಅವಳು ಸ್ವಾಗತಕ್ಕೆ ಹೂ ಹಿಡಿದು ನಿಂತದ್ದು ನೆನಪಿದೆ.

ನಮ್ಮ ಪರಿಚಯದ ಒಬ್ಬಳು ಹುಡುಗಿ, ಒಂದು ಪಟ್ಟಣದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮೂರು ವರ್ಷ ದುಡಿದಳು. ಆಸ್ಪತ್ರೆಯ ಹಿಂಬದಿಯ ಬಯಲಲ್ಲಿ ಸಂಜೆ ಕಸ ಸುಡುವ ರೂಢಿಯಿತ್ತು. ಹೊಗೆ ಹೆಚ್ಚಿದ ರಾತ್ರಿಗಳಲ್ಲಿ ನೆಬ್ಯುಲೈಸರಿಗೆ ಬರುವ ಮಕ್ಕಳೂ ಹೆಚ್ಚುತ್ತಾರೆಂದು ಅವಳಿಗೆ ತೋರಿತು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಹೊಗೆ ಇತ್ತೋ ಇಲ್ಲವೋ, ಎಷ್ಟು ಮಕ್ಕಳು ಬಂದರು ಎಂದು ಬರೆಯತೊಡಗಿದಳು. ಎರಡು ಚಳಿಗಾಲಗಳ ಲೆಕ್ಕವನ್ನು ಮೇಲಿನವರ ಮುಂದಿಟ್ಟಾಗ, “ನಿನ್ನ ಡ್ಯೂಟಿ ನೀನು ನೋಡಮ್ಮ” ಎಂಬ ಉತ್ತರ ಬಂತು. ವಿಜ್ಞಾನದ ಕಟ್ಟುನಿಟ್ಟಿನಲ್ಲಿ ಆ ಲೆಕ್ಕ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ಚಳಿಗೂ ಮಕ್ಕಳು ಕೆಮ್ಮುತ್ತಾರೆ. ಆದರೆ ಅದನ್ನು ತೆರೆದು ನೋಡಿದವರು ಯಾರೂ ಇಲ್ಲ. ಯೂಟಾದಲ್ಲಿ ಹಳೆಯ ದಾಖಲೆಗಳನ್ನು ತೆರೆದು ನೋಡುವವರೊಬ್ಬರಿದ್ದರು, ಅಷ್ಟೇ ವ್ಯತ್ಯಾಸ.

ಅವಳೀಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿದ್ದಾಳೆ. ಸೇರಿದ ಎರಡನೆಯ ವರ್ಷ, ವಾರ್ಡಿನ ತ್ಯಾಜ್ಯವನ್ನೂ ವಿದ್ಯುತ್ ಬಳಕೆಯನ್ನೂ ತಗ್ಗಿಸುವ ಸಮಿತಿಗೆ ಅವಳ ಹೆಸರನ್ನು ಕೇಳಿ ಬರೆಸಿಕೊಂಡರಂತೆ. ಕಳೆದ ಬಾರಿ ರಜೆಯಲ್ಲಿ ಊರಿಗೆ ಬಂದವಳು ಇದನ್ನು ಹೇಳುವಾಗ ಅವಳ ತಾಯಿ ಒಳಗಿನ ಕೋಣೆಯ ಕಪಾಟಿನಿಂದ ಆ ನೋಟ್‌ಬುಕ್ ತಂದು ನಮ್ಮ ಕೈಗಿತ್ತರು. ಕೊನೆಯ ಬರಹ ಜನವರಿಯ ಒಂದು ರಾತ್ರಿಯದು: ಹೊಗೆ ಇತ್ತು, ಹನ್ನೊಂದು ಮಕ್ಕಳು. ಬಯಲಲ್ಲಿ ಈಗಲೂ ಕಸ ಸುಡುತ್ತಾರೆಯೇ ಎಂದು ಕೇಳಿದೆವು. ನಮಗೆ ಚಹಾ ಕೊಡುತ್ತಿದ್ದ ತಮ್ಮ ಉತ್ತರಿಸಿದ, ಈಗ ದಿನಕ್ಕೆರಡು ಬಾರಿ ಸುಡುತ್ತಾರೆ ಎಂದು.